ನಿನ್ನ ಪಾಲಿಗೆ ಎಷ್ಟು

ಅದು ಶುರುವಾದದ್ದು ನವೆಂಬರ್ ತಿಂಗಳಲ್ಲಿ, ಎಲೆಕೋಸು ಊರಿಗೆ ಬರುವ ವಾರದ ಸೋಮವಾರ, ಬೆಳಗಿನ ಹೊಗೆ ಚಿಮಣಿಗಳಿಂದ ಮೇಲೇಳಲಾರದೆ ಬೀದಿಯಲ್ಲೇ ಕೂತಿದ್ದ ಹೊತ್ತಿನಲ್ಲಿ. ಬೇಸಿಗೆಯವರು ಹೋಗಿಯಾಗಿತ್ತು. ಹಿಮದ ಮೇಲೆ ಜಾರಲು ಬರುವವರು ಇನ್ನೂ ಬಂದಿರಲಿಲ್ಲ. ಬೆಟ್ಟದ ಬುಡದ ನಮ್ಮ ಬಾನ್ಸ್ಕೊ ಊರು ವರ್ಷದಲ್ಲಿ ಈ ಕೆಲವೇ ವಾರ ತನ್ನಷ್ಟಕ್ಕೆ ತಾನಿರುತ್ತದೆ, ಹೋಟೆಲುಗಳ ಕಿಟಕಿಗಳು ಮುಚ್ಚಿರುತ್ತವೆ, ನಾಯಿಗಳು ನಡುರಸ್ತೆಯಲ್ಲಿ ಮಲಗುತ್ತವೆ. ವೈವಾ ಹೆಗಲಿಗೆ ಕಂಪ್ಯೂಟರಿನ ಚೀಲ ಹಾಕಿಕೊಂಡು ಮೇಲಿನ ಕೋಣೆಯಿಂದ ಇಳಿದು ಬಂದಾಗ ಅಂಗಳದ ತುಂಬ ಎಲೆಕೋಸು ಬಿದ್ದಿತ್ತು, ಕಾಲಿಡಲು ಜಾಗವಿರಲಿಲ್ಲ. ಮನೆಯೊಡತಿ ಸ್ತೊಯ್ನಾ ಗಿಡ್ಡ ಮಣೆಯ ಮೇಲೆ ಕೂತು ಒಂದೊಂದು ಗಡ್ಡೆಯನ್ನೂ ಎರಡು ಕೈಯಲ್ಲಿ ತಿರುಗಿಸಿ ನೋಡಿ, ಹೊರಗಿನ ಎಲೆ ಕಿತ್ತು, ಬುಡಕ್ಕೆ ಚಾಕುವಿನಿಂದ ಅಡ್ಡ ಉದ್ದ ಸೀಳಿ, ಆ ಸೀಳಿಗೆ ಉಪ್ಪು ತುರುಕಿ ಪಕ್ಕಕ್ಕಿಡುತ್ತಿದ್ದಳು. ಹೆಬ್ಬೆರಳು ಉಪ್ಪಿನಿಂದ ಬೆಳ್ಳಗಾಗಿತ್ತು. ವೈವಾ ಗೋಡೆಗೆ ಒತ್ತಿಕೊಂಡು ದಾಟಿಹೋಗಬಹುದೆಂದು ನೋಡಿದಳು. ಆಗಲಿಲ್ಲ.

“ನಿಲ್ಲು ಹುಡುಗಿ. ನಿನ್ನ ಪಾಲಿಗೆ ಎಷ್ಟು ಹಾಕ್ಲಿ?”

ನಲವತ್ತೇಳು ವರ್ಷದವಳನ್ನು ಹುಡುಗಿ ಎನ್ನುವವರು ಭೂಮಿಯ ಮೇಲೆ ಹೆಚ್ಚು ಉಳಿದಿರಲಿಲ್ಲ, ಅದಕ್ಕೇ ಏನೋ ವೈವಾ ಆ ಕರೆಗೆ ಪ್ರತಿ ಸಲವೂ ನಿಲ್ಲುತ್ತಿದ್ದಳು. ಅವಳು ಲಿಥುವೇನಿಯದವಳು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಬಡಿದು ಕಲಿಸಿದ ರಷ್ಯನ್ ಭಾಷೆಯನ್ನು ಇಲ್ಲಿಯ ಮಾತಿನ ಜೊತೆ ಕಲಸಿ ಹೇಗೋ ಆಡುತ್ತಿದ್ದಳು. ಆಗಸ್ಟಿನಲ್ಲಿ ಬಂದವಳಿಗೆ ಈ ಪ್ರಶ್ನೆಯ ತೂಕ ಗೊತ್ತಾಗಬಾರದಿತ್ತು, ಆದರೂ ಗೊತ್ತಾಯಿತು. ನಮ್ಮಲ್ಲಿ ಇದನ್ನು ಕೇಳುವುದು ಹೊಟ್ಟೆಯ ಅಳತೆ ತಿಳಿಯಲಿಕ್ಕಲ್ಲ. ಇವತ್ತು ಪೀಪಾಯಿಗೆ ಬಿದ್ದ ಕೋಸು ಹುಳಿಯಾಗಿ ತಟ್ಟೆಗೆ ಬರುವಾಗ ಡಿಸೆಂಬರ್ ನಡೆಯುತ್ತಿರುತ್ತದೆ, ಪೀಪಾಯಿ ಬರಿದಾಗುವಾಗ ಚಳಿ ಮುಗಿದು ಕೊಕ್ಕರೆಗಳು ತಿರುಗಿ ಬಂದಿರುತ್ತವೆ. ಚಳಿಗಾಲ ಇಲ್ಲಿರುತ್ತೀಯಾ ಎಂದು ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲ, ಕೋಸು ಎಷ್ಟು ಹಾಕಲಿ ಎಂದು ಕೇಳುತ್ತಾರೆ. ವೈವಾ ಬೇಡ ಎನ್ನಬೇಕಿತ್ತು. ಭಾನುವಾರದ ಬಸ್ಸಿಗೆ ಚೀಟಿ ತೆಗೆದಾಗಿತ್ತು. ಅಲ್ಬೇನಿಯದ ಸಾರಂಡದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಕೋಣೆಯೊಂದಕ್ಕೆ ಮುಂಗಡವೂ ಹೋಗಿತ್ತು. ಸ್ತೊಯ್ನಾಳಿಗೆ ಶನಿವಾರ ಸಂಜೆ ಹೇಳುವುದೆಂದುಕೊಂಡಿದ್ದಳು, ಎಲ್ಲ ಊರುಗಳಲ್ಲಿ ಹೇಳಿದ ಹಾಗೆ, ಪೆಟ್ಟಿಗೆ ಕಟ್ಟಿಯಾದ ಮೇಲೆ, ಎದುರಿನವರಿಗೆ ಮುಖ ಸಪ್ಪಗೆ ಮಾಡಿಕೊಳ್ಳಲೂ ಪುರುಸೊತ್ತು ಸಿಗದ ಹಾಗೆ.

“ಐದು,” ಎಂದಳು.

“ಐದಾ?” ಸ್ತೊಯ್ನಾ ಚಾಕು ಹಿಡಿದ ಕೈಯಿಂದಲೇ ಹಣೆಯ ಕೂದಲು ಹಿಂದಕ್ಕೆ ತಳ್ಳಿದಳು. “ಪರವಾಗಿಲ್ಲ ಕಣೇ. ನಾನು ಎರಡು ಅಂತೀಯ ಅಂದ್ಕೊಂಡಿದ್ದೆ.”

ಬೀದಿಗೆ ಬಂದ ಮೇಲೆ ವೈವಾಳಿಗೆ ತನ್ನ ಬಾಯಿಂದ ಆ ಸಂಖ್ಯೆ ಹೇಗೆ ಬಂತೆಂದು ತಿಳಿಯಲಿಲ್ಲ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬೇಡ ಎನ್ನಬೇಕಾದರೆ ಅದರ ಹಿಂದೆ ಇನ್ನೂ ನಾಲ್ಕು ಮಾತು ಆಡಬೇಕಾಗುತ್ತದೆ, ಯಾಕೆ, ಎಲ್ಲಿಗೆ, ಯಾವಾಗ, ಇಲ್ಲೇನು ಕಮ್ಮಿಯಾಯಿತು. ಅಷ್ಟು ಮಾತನ್ನು ಬೆಳಗ್ಗೆಯೇ ಎತ್ತುವ ಶಕ್ತಿ ಅವಳಲ್ಲಿರಲಿಲ್ಲ. ಹೌದು ಎನ್ನುವುದು ಹಗುರ, ಒಂದೇ ಮಾತಿಗೆ ಮುಗಿಯುತ್ತದೆ, ಜನ ನಕ್ಕು ದಾರಿ ಬಿಡುತ್ತಾರೆ. ಹಿಂದೊಮ್ಮೆ ಓಹ್ರಿದ್ ಊರಿನ ಕೆರೆಯ ದಡದಲ್ಲಿ ಗೋತ್ಸೆ ಎಂಬ ಬಡಗಿ ಅವಳನ್ನು ಅಂಗಡಿಯ ನಡುವೆ ನಿಲ್ಲಿಸಿ, ನೆಲದಿಂದ ಮೊಣಕೈವರೆಗೆ ಪಟ್ಟಿ ಹಿಡಿದು ಅಳೆದಿದ್ದ. ನೀವು ಕೂತು ಕೆಲಸ ಮಾಡೋ ಮೇಜು ನಿಮಗೆ ತಗ್ಗು, ಭುಜ ಬಾಗ್ತಾ ಇದೆ, ನಾನೊಂದು ಮಾಡಿಕೊಡ್ತೀನಿ, ನಿಮ್ಮ ಅಳತೆಗೇ ಅಂದಿದ್ದ. ಅವನ ಕಿವಿಯ ಮೇಲೆ ಮರದ ಪುಡಿ ಇತ್ತು. ಅವಳು ಅಲ್ಲಾಡದೆ ನಿಂತಿದ್ದಳು, ಸೊಂಟದ ಚೀಲದಲ್ಲಿ ಮಾರನೆಯ ದಿನದ ಚೀಟಿ ಇಟ್ಟುಕೊಂಡು. ಆ ಮೇಜು ಈಗ ಯಾರ ಮನೆಯಲ್ಲಿದೆಯೋ, ಯಾವ ಗಿಡ್ಡ ಹೆಂಗಸು ಅದರ ಕಾಲು ಕತ್ತರಿಸಿ ತನಗೆ ಹೊಂದಿಸಿಕೊಂಡಿದ್ದಾಳೋ. ಗ್ಲಾಜ್ನೆ ಹೊಳೆಯ ಸೇತುವೆ ದಾಟುವಾಗ ಅವಳ ಎಡ ಮೊಣಕೈ, ಬಟ್ಟೆಯ ಒಳಗೆ, ಯಾರೋ ಮುಟ್ಟಿದ ಹಾಗೆ ತಣ್ಣಗಾಯಿತು.

ಊರಿನವರಾದ ನಾವು ವೈವಾಳಂಥವರನ್ನೆಲ್ಲ ಕಂಪ್ಯೂಟರಿನವರು ಎನ್ನುತ್ತೇವೆ. ಅವರೇ ತಮ್ಮನ್ನು ಡಿಜಿಟಲ್ ಅಲೆಮಾರಿಗಳು ಎಂದು ಕರೆದುಕೊಳ್ಳುತ್ತಾರೆ, ಕರೆದುಕೊಂಡು ತಾವೇ ನಗುತ್ತಾರೆ. ಹಿಂದೆ ತಂಬಾಕು ಒಣಗಿಸಿ ಪೇರಿಸುತ್ತಿದ್ದ ಗೋದಾಮಿನಲ್ಲಿ ಈಗ ಅವರು ಸಾಲಾಗಿ ಕೂತು ಕೆಲಸ ಮಾಡುತ್ತಾರೆ. ಮಳೆ ಬಂದ ದಿನ ತೊಲೆಗಳಿಂದ ಇನ್ನೂ ಹಳೆಯ ತಂಬಾಕಿನ ವಾಸನೆ ಇಳಿಯುತ್ತದೆ. ಬಾಗಿಲ ಪಕ್ಕದ ಗೋಡೆಗೆ ಪ್ರಪಂಚದ ನಕ್ಷೆ, ಅದರ ಮೇಲೆ ಯಾರು ಮುಂದೆ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಅವರ ಹೆಸರಿನ ಚಿಕ್ಕ ಬಾವುಟ. ಮುಂದೆ ಎಲ್ಲಿ ಎನ್ನುವುದೇ ಅವರ ನಮಸ್ಕಾರ. ಚೆನ್ನಾಗಿದ್ದೀಯಾ ಎಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ.

“ವೈವಾ, ಸಾರಂಡ ಬೇಡ ಕಣ್ರೀ,” ಎಂದ ತಿಯಾಗೊ, ಅವಳು ಚೀಲ ಇಳಿಸುವ ಮೊದಲೇ. ಪೋರ್ಚುಗಲ್ಲಿನ ಈ ತರುಣ ಎದುರಿನ ಮೇಜಿನವನು. ಕಾಲಲ್ಲಿ ದಪ್ಪ ಉಣ್ಣೆಯ ಕಾಲುಚೀಲ, ಕಿವಿಯಲ್ಲಿ ಸದಾ ಏನೋ ಹಾಡು. “ಚಳಿಗಾಲದಲ್ಲಿ ಅಲ್ಲಿ ಗಾಳಿ ಬೀಸಿದ್ರೆ ಸಾಕು ಕರೆಂಟ್ ಹೋಗುತ್ತಂತೆ. ಗ್ರೀಸ್ ಬೆಲೆ ಜಾಸ್ತಿ. ನಿಶ್‌ಗೆ ಬನ್ನಿ. ನಾನು ಶನಿವಾರ ನಿಶ್‌ಗೆ ಹೊರಟೆ. ಒಳ್ಳೇ ಮಾಂಸ, ಒಳ್ಳೇ ಇಂಟರ್‌ನೆಟ್ ಲೈನು, ಯಾರೂ ಮಾತಾಡ್ಸಲ್ಲ.”

“ಯಾರೂ ಮಾತಾಡ್ಸಲ್ಲ ಅನ್ನೋದು ಒಳ್ಳೇದಾ?”

“ನಿಮಗೆ ಒಳ್ಳೇದು ಅಲ್ವಾ? ನೀವು ಮೂಲೆ ಹಿಡಿದು ಕೂರೋರು.”

ಅವನು ಕೆಟ್ಟದಾಗಿ ಹೇಳಲಿಲ್ಲ. ಹೇಳಿ ಮತ್ತೆ ಹಾಡಿನೊಳಗೆ ಹೋದ. ಅವನ ವಯಸ್ಸಿನಲ್ಲಿ ಊರನ್ನು ಆರಿಸುವುದು ಹಸಿವಿನ ಕೆಲಸ, ಅದೂ ಬೇಕು ಇದೂ ಬೇಕು. ಅವಳಿಗೂ ಮೊದಮೊದಲು ಹಾಗಿತ್ತು. ಬಾಡಿಗೆ, ಹವೆ, ಕುರ್ಚಿಯ ಬೆನ್ನು, ನಡೆಯುವ ದೂರದಲ್ಲಿ ಮಾರುಕಟ್ಟೆ, ಎಲ್ಲವನ್ನೂ ತೂಗಿ ನೋಡುವುದರಲ್ಲೇ ಒಂದು ಸುಖವಿತ್ತು, ಮದುವೆಗೆ ಹುಡುಗ ನೋಡುವಾಗಿನ ಸುಖ. ಈಗ ಊರುಗಳು ನೆನಪಿನಲ್ಲಿ ಗೋಡೆಯ ಪ್ಲಗ್ಗಿನ ತೂತುಗಳಾಗಿ, ದಿಂಬಿನ ಗಡಸಾಗಿ ಮಾತ್ರ ಉಳಿದಿದ್ದವು. ಸ್ಪ್ಲಿತ್ ಎಂದರೆ ಕೀರಲು ಬಾಗಿಲು. ಕ್ಲೂಜ್ ಎಂದರೆ ಮೇಲಿನ ಮನೆಯವರ ತೊಟ್ಟಿಲು. ಯಾವ ಊರನ್ನಾದರೂ ಬೇಡ ಎನ್ನಲು ಸಾಕಷ್ಟು ಕಾರಣ ಸಿಗುತ್ತಿತ್ತು. ಬೇಕು ಎನ್ನಲು ಬೇಕಾದದ್ದು ಕಾರಣವಲ್ಲ, ಇನ್ನೇನೋ. ಅದರ ಹೆಸರೇ ಅವಳಿಗೆ ಮರೆತುಹೋಗಿತ್ತು.

ಅವಳ ಕೆಲಸ ಹಾಸಿಗೆ ಮಾರುವ ಒಂದು ಕಂಪನಿಯಲ್ಲಿ. ನಿದ್ದೆ ಬರದವರು, ಬೆನ್ನು ನೋಯುವವರು ಬರೆದು ಕಳಿಸುತ್ತಾರೆ, ಅವಳು ಉತ್ತರಿಸಬೇಕು. ತನ್ನದೆಂಬ ಹಾಸಿಗೆ ಬಿಟ್ಟು ಎಷ್ಟೋ ವರ್ಷವಾದವಳು ಬೇರೆಯವರ ಹಾಸಿಗೆಯ ತಗ್ಗುದಿಣ್ಣೆಗಳ ಬಗ್ಗೆ ಸಮಾಧಾನ ಹೇಳುವುದನ್ನು ಮೊದಲು ಯಾರಿಗಾದರೂ ಹೇಳಿ ನಗಿಸುತ್ತಿದ್ದಳು. ಈಗ ಆ ನಗೆಯೂ ಹಳೆಯದಾಗಿತ್ತು. ಆವತ್ತು ಗ್ರಾತ್ಸ್ ಊರಿನ ಒಬ್ಬ ಮುದುಕ ಬರೆದಿದ್ದ: ನಿಮ್ಮ ಹಾಸಿಗೆ ಹಳ್ಳ ಬಿದ್ದಿದೆ, ಆದರೆ ನಾನು ಮಲಗುವ ಬದಿಯಲ್ಲಲ್ಲ, ಯಾರೂ ಮಲಗದ ಬದಿಯಲ್ಲಿ, ಇದು ಹೇಗೆ ಸಾಧ್ಯ. ವೈವಾ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಇಂಥದ್ದಕ್ಕೆ ಕಂಪನಿ ಬರೆದುಕೊಟ್ಟ ಉತ್ತರವೊಂದಿತ್ತು, ವಾರಕ್ಕೊಮ್ಮೆ ಹಾಸಿಗೆಯನ್ನು ತಿರುಗಿಸಿ ಹಾಕಿ ಎಂದು. ಅದನ್ನೇ ಕಳಿಸಿದಳು. ನೀರು ಕುಡಿಯಲು ಎದ್ದಾಗ ಹೊಸದಾಗಿ ಬಂದ ಯಾವನೋ ಎಳೆಯ ಹುಡುಗ, ಕಿವಿಗೆ ಫೋನು ಹಿಡಿದವನು, ಅವಳ ಕೈಗೆ ತನ್ನ ಎಂಜಲು ಲೋಟ ಕೊಟ್ಟು, ಕಣ್ಣಲ್ಲೇ ಧನ್ಯವಾದ ಹೇಳಿ ತಿರುಗಿಕೊಂಡ. ಅವಳ ನರೆತ ಕೂದಲು ನೋಡಿ, ತೋಳು ಮಡಚಿದ ಅಂಗಿ ನೋಡಿ, ಇಲ್ಲಿ ಒರೆಸಿ ತೊಳೆಯುವವಳು ಎಂದುಕೊಂಡಿರಬೇಕು. ತಿಯಾಗೊ ನೋಡಿದನೆಂದು ಅವಳಿಗೆ ಗೊತ್ತಾಯಿತು, ನೋಡದವನಂತೆ ಬಗ್ಗಿದನೆಂದೂ ಗೊತ್ತಾಯಿತು. ಅವಳು ಲೋಟವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಒಳಗಿನ ಕಾಫಿಯ ಕಲೆಯನ್ನು ಬೆರಳಿನಿಂದ ಉಜ್ಜಿದಳು. ಬೋರಲು ಹಾಕಿದಳು. ನೀರು ಬೆರಳ ಗೆಣ್ಣುಗಳ ಮೇಲೆ ಬೀಳುತ್ತಿರುವಾಗ, ಇದೂ ಆ ಐದೂ ಒಂದೇ ಎಂದು ತೋರಿತು. ಇದಲ್ಲ, ನಾನಲ್ಲ ಎಂದು ಹೇಳುವುದಕ್ಕಿಂತ ತೊಳೆದುಬಿಡುವುದು ಹಗುರ. ಹಾಗೆ ತೊಳೆದು ತೊಳೆದು ಇಷ್ಟು ವರ್ಷ ಕಳೆದಿತ್ತು. ಹೋಗಿ ಹೇಳಿಬಿಡಬೇಕು, ಕೋಸು ಇನ್ನೂ ಪೀಪಾಯಿಗೆ ಬಿದ್ದಿರಲಾರದು, ಐದು ಗಡ್ಡೆ ವಾಪಸು ತೆಗೆಯುವುದು ಯಾವ ದೊಡ್ಡ ಮಾತು ಎಂದುಕೊಂಡು, ಊಟದ ಹೊತ್ತಿಗೆ ಚೀಲವನ್ನೂ ಬಿಟ್ಟು ಹೊರಟಳು.

ಅಂಗಳದಲ್ಲಿ ಕೆಲಸ ಮುಗಿಯುತ್ತ ಬಂದಿತ್ತು. ಅಡಿಯಲ್ಲಿ ನಲ್ಲಿಯಿದ್ದ ನೀಲಿ ಪೀಪಾಯಿ ಗೋಡೆಯ ಪಕ್ಕ ಕಲ್ಲುಗಳ ಮೇಲೆ ಕೂತಿತ್ತು. ಪಕ್ಕದ ಮನೆಯ ಕ್ರುಮ್, ಟ್ರಾಕ್ಟರಿನಲ್ಲಿ ಕೋಸು ತಂದುಕೊಟ್ಟವನು, ತೋಳುದ್ದಕ್ಕೂ ಪೀಪಾಯಿಯೊಳಗೆ ಇಳಿದು ಗಡ್ಡೆಗಳನ್ನು ಒತ್ತಿ ಕೂರಿಸುತ್ತಿದ್ದ. ಸಂದಿಗಳಲ್ಲಿ ಮೆಕ್ಕೆಜೋಳದ ಕಾಳು, ಬೀಟ್‌ರೂಟಿನ ಹೋಳು.

“ಬಂದ್ಳು ನೋಡು ಪಾಲುದಾರಳು,” ಎಂದ ಕ್ರುಮ್. “ಐದು ಗಡ್ಡೆ ತಿನ್ನೋ ಹೊಟ್ಟೆ ಎಲ್ಲಿದೆಯಮ್ಮ ನಿನಗೆ? ಗಾಳಿ ಬಂದ್ರೆ ಹಾರಿಹೋಗ್ತೀಯ.”

“ನಿನ್ನ ಹೊಟ್ಟೆ ಇದೆಯಲ್ಲ ಊರಿಗೆಲ್ಲ ಸಾಲುವಷ್ಟು, ಸುಮ್ನಿರು,” ಎಂದಳು ಸ್ತೊಯ್ನಾ. “ಬಾ, ಕೈ ತೊಳ್ಕೊಂಡು ನೀನೂ ಒಂದು ಒತ್ತು. ಒತ್ತದೆ ತಿಂದ್ರೆ ಹೊಟ್ಟೆನೋವು.”

ವೈವಾ ಹೇಳಬೇಕಾದದ್ದನ್ನು ನಾಲಿಗೆಯ ಮೇಲೆ ತಂದಿಟ್ಟುಕೊಂಡೇ ಕೈ ತೊಳೆದಳು. ಕೊನೆಯ ಸಾಲಿನ ಗಡ್ಡೆಗಳು. ಉಪ್ಪುನೀರು ಮಣಿಕಟ್ಟಿನವರೆಗೆ ಬಂತು, ಉಗುರಿನ ಸಂದಿಯ ಗೀರುಗಳೆಲ್ಲ ಉರಿದವು. ಒತ್ತಿದಾಗ ಕೆಳಗಿನಿಂದ ಗಾಳಿಯ ಗುಳ್ಳೆಗಳೆದ್ದವು. ಕಂಪ್ಯೂಟರಿನ ಕೈ ನೋಡು, ಕಾಗದದ ಹಾಗಿದೆ ಎಂದು ಕ್ರುಮ್ ಏನೋ ಹೇಳುತ್ತಿದ್ದ. ಅವಳಿಗೆ ನಾಚಿಕೆಯೂ ಆಯಿತು, ಹಿತವೂ ಆಯಿತು. ಹಿತವಾದದ್ದಕ್ಕೆ ಇನ್ನಷ್ಟು ನಾಚಿಕೆ.

“ಲೇಲ್ಯಾ,” ಎಂದಳು. ದೊಡ್ಡ ಹೆಂಗಸರನ್ನು ಇಲ್ಲಿ ಹಾಗೇ ಕರೆಯುತ್ತಾರೆ, ಚಿಕ್ಕಮ್ಮ ಎಂದ ಹಾಗೆ. “ನಾನೊಂದು ಮಾತು...”

“ನಾನೇ ಹೇಳೋಣ ಅಂತಿದ್ದೆ,” ಎಂದಳು ಸ್ತೊಯ್ನಾ, ಪೀಪಾಯಿಯ ಮೇಲೆ ಅಡ್ಡಪಟ್ಟಿ ಇಟ್ಟು ಅದರ ಮೇಲೆ ಹೊಳೆಗಲ್ಲು ಏರಿಸುತ್ತ. “ಗುರುವಾರ ನಾನು ಇಟಲಿಗೆ ಹೋಗ್ತೀನಿ. ಬೆರ್ಗಮೊದಲ್ಲಿ ನಾನು ನೋಡ್ಕೊಳ್ಳೋ ಮುದುಕಿ ಒಬ್ಳಿದಾಳೆ, ಒರ್ನೆಲ್ಲ. ಜನವರಿಗೆ ನನ್ನ ಸರದಿ ಇತ್ತು. ಈಗ ಅಲ್ಲಿರೋ ಪಾವ್ಲಿನಾ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರ್ಕೊಂಡು ಮಲಗಿದಾಳೆ. ಮುದುಕೀನ ಎತ್ತಿ ಕೂರಿಸೋರು ಯಾರೂ ಇಲ್ಲ. ಮೂರು ತಿಂಗಳು ಆಗುತ್ತೆ ನಾನು ಬರೋದು.”

ವೈವಾ ಒದ್ದೆ ಕೈ ಒರೆಸಿಕೊಳ್ಳುವುದನ್ನು ಮರೆತಳು. ಆಗಸ್ಟಿನಿಂದ ಈ ಹೆಂಗಸಿನ ಮಾಡಿನ ಕೆಳಗೆ ಮಲಗಿದ್ದಳು, ಅವಳ ಮೆಣಸಿನಕಾಯಿ ಸುಡುವ ಹೊಗೆ ಕುಡಿದಿದ್ದಳು. ಇವಳು ಎಲ್ಲಿಗೂ ಹೋಗದವಳು, ಹೋಗುವುದೇನಿದ್ದರೂ ತನ್ನಂಥವರ ಪಾಡು ಎಂದು ಯಾರೂ ಹೇಳದೆಯೇ ತಿಳಿದುಕೊಂಡಿದ್ದಳು. ಅಡಿಗೆಮನೆಯ ಬಾಗಿಲ ಹಿಂದೆ ಯಾವಾಗಲೂ ನಿಂತಿರುತ್ತಿದ್ದ ಗಾಲಿಪೆಟ್ಟಿಗೆಯಲ್ಲಿ ಆಲೂಗಡ್ಡೆಯೋ ಹಳೆಬಟ್ಟೆಯೋ ಇರಬೇಕು ಎಂದುಕೊಂಡಿದ್ದಳು. ಕೇಳಿರಲಿಲ್ಲ. ಎಷ್ಟು ಊರುಗಳಲ್ಲಿ ಎಷ್ಟು ಬಾಗಿಲುಗಳ ಹಿಂದೆ ಏನೇನು ನಿಂತಿತ್ತೋ.

“ನೀವು... ಅಲ್ಲಿ ಕೆಲಸ ಮಾಡ್ತೀರಾ?”

“ಮತ್ತೆ ಈ ಮಾಡಿನ ಹೆಂಚು ಆಕಾಶದಿಂದ ಬಿತ್ತಾ? ಮೊದಲು ಪಾದುವಾ, ಆಮೇಲೆ ಗ್ರೀಸು, ಆಮೇಲೆ ಬೆರ್ಗಮೊ. ನೀನು ಎಲ್ಲಿ ಇಂಟರ್‌ನೆಟ್ ಚೆನ್ನಾಗಿದೆ ನೋಡಿ ಹೋಗ್ತೀಯ. ನಾನು ಎಲ್ಲಿ ಮುದುಕಿ ಚೆನ್ನಾಗಿಲ್ಲ ನೋಡಿ ಹೋಗ್ತೀನಿ.”

ಕ್ರುಮ್ ನಕ್ಕ, ನಕ್ಕು ಕೆಮ್ಮಿದ. ಸ್ತೊಯ್ನಾ ನಗಲಿಲ್ಲ. ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು ಹೇಳಿದಳು: “ಬೆಳಗ್ಗೆ ಅದಕ್ಕೇ ಕೇಳಿದ್ದು ನಿನ್ನ. ಮನೇಲಿ ಒಲೆ ಉರೀಲಿಲ್ಲ ಅಂದ್ರೆ ಜನವರಿಯಲ್ಲಿ ಕೊಳಾಯಿ ಒಡೆದುಹೋಗುತ್ತೆ. ಕೋಸಿಗೂ ಅಷ್ಟೇ, ಅಡಿ ನಲ್ಲೀಲಿ ನೀರಿಳಿಸಿ ಮೇಲಿಂದ ಸುರೀತಿರಬೇಕು, ಇಲ್ಲಾಂದ್ರೆ ಕೊಳೆತು ನಾರುತ್ತೆ. ನೀನು ಎರಡು ಅಂದಿದ್ರೆ ಯೋಚನೆ ಮಾಡ್ತಿದ್ದೆ. ಐದು ಅಂದೆಯಲ್ಲ, ತಕ್ಷಣ ಒರ್ನೆಲ್ಲನ ಮಗನಿಗೆ ಫೋನ್ ಮಾಡಿ ಬರ್ತೀನಿ ಅಂದ್ಬಿಟ್ಟೆ. ಪಾಪ, ಅತ್ತೇಬಿಟ್ಟ ಗಂಡಸು.” ಆಮೇಲೆ ತಲೆಯೆತ್ತಿ, “ನೀನೇನೋ ಹೇಳ್ತಿದ್ದೆ?”

“ಏನಿಲ್ಲ,” ಎಂದಳು ವೈವಾ. “ಉಪ್ಪು ಜಾಸ್ತಿ ಆಯ್ತಾ ಅಂತ.”

ಮಧ್ಯಾಹ್ನವೆಲ್ಲ ಅವಳ ಕೈ ಕೋಸಿನ ವಾಸನೆ ಬೀರುತ್ತಿತ್ತು. ಎಷ್ಟು ಸಾಬೂನು ಹಾಕಿದರೂ ಬಿಡಲಿಲ್ಲ. ಹಾಸಿಗೆಯವರಿಗೆ ಉತ್ತರ ಬರೆಯುತ್ತ ಬೆರಳು ಮುಖದ ಹತ್ತಿರ ಬಂದಾಗಲೆಲ್ಲ ಆ ಅತ್ತ ಗಂಡಸು ಕಾಣುತ್ತಿದ್ದ. ಬೆರ್ಗಮೊದ ಯಾವುದೋ ಮಹಡಿಯಲ್ಲಿ, ಫೋನು ಇಳಿಸಿ, ತಾಯಿಯ ಕೋಣೆಗೆ ಹೋಗಿ, ಸ್ತೊಯ್ನಾ ಬರುತ್ತಾಳಂತೆ ಅಮ್ಮ ಎನ್ನುತ್ತಿರುವ ನಡುವಯಸ್ಸಿನವನು. ಅವನಿಗೆ ತನ್ನ ಹೆಸರೂ ಗೊತ್ತಿಲ್ಲ. ತಾನು ಗೋಡೆಗೊತ್ತಿಕೊಂಡು ದಾಟಿಹೋಗಲು ಆಡಿದ ಒಂದು ಮಾತು ಮೂರ್ನಾಲ್ಕು ದೇಶ ದಾಟಿ ಹೋಗಿ ಒಬ್ಬ ಮುದುಕಿಯ ದಿಂಬಿನ ಪಕ್ಕ ಕೂತುಬಿಟ್ಟಿತ್ತು. ಹೀಗೆ ಯಾವತ್ತೂ ಆಗಿರಲಿಲ್ಲವೇ? ಅಥವಾ ಪ್ರತಿ ಸಲವೂ ಆಗಿ, ತಾನು ಆಗಲೇ ಬಸ್ಸಿನಲ್ಲಿದ್ದುದರಿಂದ ತಿಳಿದಿರಲಿಲ್ಲವೇ? ಅವಳಿಗೆ ಸಿಟ್ಟು ಬಂತು, ಮೊದಲು ಸ್ತೊಯ್ನಾಳ ಮೇಲೆ. ಒಂದು ಕೋಸಿನ ಲೆಕ್ಕವನ್ನು ನಂಬಿ ಮನೆ ಬಿಟ್ಟುಹೋಗುವವರುಂಟೇ, ನೇರವಾಗಿ ಕೇಳಬಾರದಿತ್ತೇ. ನೇರವಾಗಿ ಕೇಳಿದ್ದರೂ ಹೌದು ಎಂದೇ ಅನ್ನುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಸಂಜೆ ಅಡಿಗೆಮನೆಯಲ್ಲಿ ಸ್ತೊಯ್ನಾ ಬೆರ್ಗಮೊಕ್ಕೆ ಒಯ್ಯುವ ಸೀಸೆಗಳಿಗೆ ಬಟ್ಟೆ ಸುತ್ತುತ್ತಿದ್ದಳು, ಸುಟ್ಟ ಮೆಣಸಿನಕಾಯಿಯ ಗೊಜ್ಜು, ಹುಳಿಹಣ್ಣಿನ ಮುರಬ್ಬ. ಒಲೆಯ ಮೇಲೆ ಅವರೆಯಂಥ ಕಾಳಿನ ಸಾರು ಕುದಿಯುತ್ತಿತ್ತು. ವೈವಾ ಹೊಸ್ತಿಲಲ್ಲೇ ನಿಂತು, ಉಸಿರು ತೆಗೆದುಕೊಳ್ಳದೆ ಹೇಳಿದಳು.

“ಲೇಲ್ಯಾ, ನಾನು ಭಾನುವಾರ ಹೋಗ್ತಿದೀನಿ. ಅಲ್ಬೇನಿಯಕ್ಕೆ. ಮುಂಚೇನೇ ತೀರ್ಮಾನ ಆಗಿತ್ತು.”

ಸ್ತೊಯ್ನಾ ಸೀಸೆಗೆ ಬಟ್ಟೆ ಸುತ್ತಿ ಮುಗಿಸಿದಳು. ಗಂಟು ಹಾಕಿದಳು.

“ಮತ್ತೆ ಐದು ಅಂದೆ.”

“ಅಂದೆ.”

“ಒಂದು ಅಂದಿದ್ರೆ ದಾಕ್ಷಿಣ್ಯಕ್ಕೆ ಅಂತಿದಾಳೆ ಅಂತ ತಿಳೀತಿತ್ತು. ಹತ್ತು ಅಂದಿದ್ರೆ ತಮಾಷೆ ಅಂತ. ಐದು ಅಂದ್ರೆ ಕೂತು ಲೆಕ್ಕ ಹಾಕಿದ ಹಾಗಿತ್ತು ಕಣೇ.”

“ಲೆಕ್ಕ ಹಾಕಲಿಲ್ಲ. ಬಾಯಿಗೆ ಬಂತು.”

“ಬಾಯಿಗೆ ಬಂತು.” ಸ್ತೊಯ್ನಾ ಸಾರಿನ ಕೆಳಗಿನ ಉರಿ ಸಣ್ಣ ಮಾಡಿದಳು. ಬೈಯುತ್ತಾಳೆ ಎಂದು ವೈವಾ ಕಾದಳು. ಬೈದರೆ ಮೇಲೆ ಹೋಗಿ ಅಳಬಹುದಿತ್ತು, ಅತ್ತರೆ ಮುಗಿದುಹೋಗುತ್ತಿತ್ತು. ಸ್ತೊಯ್ನಾ ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. “ನಾನು ಹೋಗ್ತೀನಿ ಅಂದಾಗಿದೆ, ಹೋಗ್ತೀನಿ. ಬುಧವಾರ ಸಂಜೆ ಒಳಗೆ ನೀನು ಖಾಲಿ ಮಾಡು. ಕ್ರುಮ್ ಬಂದು ಕೊಳಾಯಿ ನೀರೆಲ್ಲ ಇಳಿಸಿ ಬೀಗ ಹಾಕ್ತಾನೆ. ಪೀಪಾಯಿ ಅವನ ಮನೆಗೆ ಉರುಳಿಸ್ಕೊಂಡು ಹೋಗ್ಲಿ, ಅವನ ಹಂದಿಗಳಾದ್ರೂ ತಿನ್ನುತ್ವೆ.”

“ಬುಧವಾರನಾ?”

“ಇಷ್ಟು ದೊಡ್ಡ ಊರಲ್ಲಿ ನಾಲ್ಕು ರಾತ್ರಿಗೆ ಕೋಣೆ ಸಿಗಲ್ವಾ ನಿನಗೆ? ಹುಡುಕೋದರಲ್ಲಿ ನೀನು ಪಳಗಿದೋಳು.”

ಮೇಲಿನ ಕೋಣೆಗೆ ಬಂದು ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. ಖಾಲಿ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಯಾವ ಊರಲ್ಲೂ. ಹೋಗುವವಳು ಯಾವಾಗಲೂ ಅವಳೇ. ಉಳಿದವರು ಬಾಗಿಲಲ್ಲಿ ನಿಂತು ಯಾಕೆ ಇಷ್ಟು ಬೇಗ ಎಂದು ಕೇಳುತ್ತಿದ್ದರು, ಕೆಲವರು ದಾರಿಗೆ ರೊಟ್ಟಿ ಕಟ್ಟಿಕೊಡುತ್ತಿದ್ದರು. ಆ ಬಾಗಿಲಿನ ಮುಖಗಳ ಮೇಲೆ ತಾನು ಇಷ್ಟು ವರ್ಷ ಒರಗಿಕೊಂಡಿದ್ದೆ ಎಂದು ಈಗ, ಅವು ಇಲ್ಲದಾಗ, ಬೆನ್ನಿಗೆ ತಿಳಿಯಿತು. ಕಂಪ್ಯೂಟರ್ ತೆರೆದು ಕೋಣೆಗಳನ್ನು ನೋಡತೊಡಗಿದಳು, ಅಭ್ಯಾಸದಿಂದ, ಬೆರಳೇ ನೋಡುತ್ತಿತ್ತು. ಬಿಳಿ ಹಾಸಿಗೆ, ಕುಂಡದಲ್ಲಿ ಗಿಡ, ಬೋಗುಣಿಯಲ್ಲಿ ನಿಂಬೆಹಣ್ಣು. ಬಿಳಿ ಹಾಸಿಗೆ, ಕುಂಡದಲ್ಲಿ ಗಿಡ. ಒಂದು ಚಿತ್ರದ ಮೂಲೆಯಲ್ಲಿ ಯಾರದೋ ಚಪ್ಪಲಿ ತೆಗೆಯಲು ಮರೆತಿದ್ದರು, ಅವಳು ಅದನ್ನೇ ಬಹಳ ಹೊತ್ತು ನೋಡಿದಳು. ಯಾರೂ ಏನೂ ನಿರೀಕ್ಷಿಸದ ಊರು ಬೇಕು, ಅವಳು ಆರಿಸುತ್ತ ಬಂದದ್ದು ಅಷ್ಟನ್ನೇ, ಉಳಿದ ಬಾಡಿಗೆ, ಹವೆ, ಕುರ್ಚಿಯ ಬೆನ್ನು ಎಲ್ಲ ಮೇಲುಮಾತು. ಈಗ ಕೆಳಗಿನ ಅಡಿಗೆಮನೆಯಲ್ಲಿ ಒಬ್ಬಳು ಅವಳಿಂದ ನಿರೀಕ್ಷಿಸುವುದನ್ನು ನಿಲ್ಲಿಸಿದ್ದಳು. ಬೇಕಾದದ್ದು ಸಿಕ್ಕಿತ್ತು. ಅದು ಒಲೆ ಹಚ್ಚದ ಕೋಣೆಯ ಹಾಗೆ ತಣ್ಣಗಿತ್ತು.

ಮಂಗಳವಾರ ಅವಳು ಗೋದಾಮಿಗೆ ಹೋಗಲಿಲ್ಲ. ಕಿಟಕಿಯಿಂದ ಪೀಪಾಯಿ ಕಾಣುತ್ತಿತ್ತು, ಮೇಲಿನ ಕಲ್ಲು ಒದ್ದೆಯಾಗಿ ಮಿನುಗುತ್ತಿತ್ತು. ಸ್ತೊಯ್ನಾ ಅಂಗಳದಲ್ಲಿ ಓಡಾಡಿದಳು, ಬಟ್ಟೆ ಒಣಗಿಸಿದಳು, ಒಂದು ಸಲವೂ ಮೇಲೆ ನೋಡಲಿಲ್ಲ. ಇಳಿಹೊತ್ತಿನಲ್ಲಿ ವೈವಾ ಕೆಳಗಿಳಿದಾಗ ಏನು ಹೇಳಬೇಕೆಂದು ಕಟ್ಟಿಕೊಂಡಿರಲಿಲ್ಲ, ಕಾಲು ಇಳಿದಿತ್ತು, ಅವಳು ಜೊತೆಗೆ ಹೋದಳು.

“ನಾನಿರಲಾ?” ಎಂದು ಕೇಳಿದಳು.

ಸ್ತೊಯ್ನಾ ಬೀನ್ಸು ಸೋಸುತ್ತಿದ್ದಳು. “ಯಾಕೆ?”

“ಗೊತ್ತಿಲ್ಲ.”

“ನನ್ನ ನೋಡಿ ಪಾಪ ಅನ್ನಿಸ್ತಾ?”

“ಇಲ್ಲ.”

“ಸಮುದ್ರ ಚೆನ್ನಾಗಿಲ್ವಂತಾ?”

“ಚೆನ್ನಾಗಿರಬಹುದು. ನನಗೆ ಸಾಕಾಗಿದೆ, ಲೇಲ್ಯಾ.”

“ಸಾಕಾಗಿದ್ರೆ ಕೂತ್ಕೊಂಡು ಹೇಳು. ನಿಂತ್ಕೊಂಡು ಹೇಳೋ ಮಾತಲ್ಲ ಅದು.”

ವೈವಾ ಕೂತಳು. ಸ್ತೊಯ್ನಾ ಬೀನ್ಸಿನ ತಟ್ಟೆಯನ್ನು ಅವಳ ಕಡೆ ಅರ್ಧ ತಳ್ಳಿದಳು. ಇಬ್ಬರೂ ಸೋಸಿದರು. ಹೊರಗೆ ಯಾರದೋ ಕುದುರೆಗಾಡಿ ಸೌದೆ ಹೊತ್ತು ಹೋಯಿತು.

“ನಿನ್ನ ಮಾತು ನಂಬೋದು ಹೇಗೆ ಹೇಳು,” ಎಂದಳು ಸ್ತೊಯ್ನಾ ಕೊನೆಗೆ, ಕೇಳುವ ದನಿಯಲ್ಲಿಯೇ, ಚುಚ್ಚುವ ದನಿಯಲ್ಲಲ್ಲ. “ನಾನು ಅಲ್ಲಿ ಮುದುಕಿಯ ಕಾಲು ಉಜ್ಜುತಾ ಇರ್ತೀನಿ. ಇಲ್ಲಿ ನೀನು ಇದೀಯೋ, ಬಾಯಿಗೆ ಬಂತು ಅಂತ ಇದೀನಿ ಅಂತಿದೀಯೋ, ನನಗೆ ಹೇಗೆ ಗೊತ್ತಾಗ್ಬೇಕು?”

ಇರುತ್ತೇನೆ ಎಂದು ಹೇಳಿದ್ದರೆ ಅದೂ ಬಾಯಿಗೆ ಬಂದದ್ದೇ ಆಗುತ್ತಿತ್ತು. ವೈವಾ ಇನ್ನೊಂದು ಹಿಡಿ ಬೀನ್ಸು ತನ್ನ ಕಡೆ ಎಳೆದುಕೊಂಡಳು.

“ನೋಡೋಣ,” ಎಂದಳು ಸ್ತೊಯ್ನಾ. “ನಾಳೆ ಹೇಳ್ತೀನಿ.”

ಬುಧವಾರ ಪೂರ್ತಿ ಅವಳು ಕಾದಳು. ಇನ್ನೊಬ್ಬರ ಬಾಯಿಂದ ಒಂದು ಮಾತಿಗಾಗಿ ಹೀಗೆ ಕಾಯುವುದು ಅವಳಿಗೆ ಮರೆತೇ ಹೋಗಿತ್ತು. ಕಾಯಿಸುವವರಿಗೆ ಹೇಗಿರುತ್ತದೆಂದು ಮಾತ್ರ ಗೊತ್ತಿತ್ತು. ಪೆಟ್ಟಿಗೆ ಕಟ್ಟಿಟ್ಟಳು, ಯಾಕೆಂದರೆ ಕಟ್ಟದಿದ್ದರೆ ಉಳಿಯುತ್ತೇನೆಂದು ಹಟ ಮಾಡಿದ ಹಾಗಾಗುತ್ತಿತ್ತು. ಆಮೇಲೆ ಹಲ್ಲುಜ್ಜುವ ಬ್ರಷ್ಷು ಹೊರಗೆ ತೆಗೆದಿಟ್ಟಳು. ಮತ್ತೆ ಅದನ್ನೂ ಒಳಗೆ ಹಾಕಿದಳು. ಕೆಳಗೆ ಪಾತ್ರೆಯ ಸದ್ದಾದಾಗಲೆಲ್ಲ ಕಿವಿ ನೆಟ್ಟಗಾಗುತ್ತಿತ್ತು, ಸಣ್ಣವಳಿದ್ದಾಗ ಶಿಕ್ಷೆಯ ಮಾತಿಗೆ ಕಾಯುವಂತೆ. ತಿಯಾಗೊ ಫೋನಿನಲ್ಲಿ ಬರೆದ: ನಿಮ್ಮ ಬಾವುಟ ಸಾರಂಡದಲ್ಲೇ ಇರಲಾ, ನಿಶ್‌ಗೆ ಚುಚ್ಚಲಾ? ಅವಳು ಉತ್ತರಿಸಲಿಲ್ಲ. ಕತ್ತಲಾಗುವ ಮೊದಲು ಅಂಗಳದ ಗೇಟು ಕಿರುಗುಟ್ಟಿತು. ಕಿಟಕಿ ತೆರೆದಳು. ಕ್ರುಮ್ ಸ್ಪ್ಯಾನರುಗಳ ಚೀಲ ಹೊತ್ತು ಬಂದು ಗೋಡೆಯ ಬುಡದಲ್ಲಿ, ನೀರಿನ ಕೊಳಾಯಿ ಮನೆಯೊಳಗೆ ಹೋಗುವ ಕಡೆ, ಮಂಡಿಯೂರುತ್ತಿದ್ದ.

“ಅದನ್ನ ಮುಟ್ಟಬೇಡ,” ಎಂದಳು ಸ್ತೊಯ್ನಾ ಅಡಿಗೆಮನೆಯ ಬಾಗಿಲಿನಿಂದ.

“ಯಾಕೆ? ನೀನೇ ತಾನೇ ಬಾ ಅಂದಿದ್ದು. ಮಂಡಿ ಊರಿದ ಮೇಲೆ ಹೇಳ್ತಾಳೆ ನೋಡು.”

“ಮನೇಲಿ ಜನ ಇದಾರೆ.”

ಕ್ರುಮ್ ಮೇಲೆ ನೋಡಿದ. ವೈವಾ ಕಿಟಕಿಯಿಂದ ಹಿಂದೆ ಸರಿಯಲಿಲ್ಲ. ಸರಿಯಬೇಕೆನಿಸಿತ್ತು. ಅವನು ಏಳಲು ಗೋಡೆ ಹಿಡಿದ, ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡ, ಚೀಲ ಎತ್ತಿಕೊಂಡು ಗೇಟಿನತ್ತ ನಡೆದ.

ಆ ಸಂಜೆ ಸ್ತೊಯ್ನಾ ಅವಳಿಗೆ ಅಡಿ ನಲ್ಲಿ ತಿರುಗಿಸುವುದು, ಉಪ್ಪುನೀರು ಹಿಡಿಯುವುದು, ಮೇಲಿನಿಂದ ಸುರಿಯುವುದು ತೋರಿಸಿದಳು, ಒಲೆಯ ಗಾಳಿಕಿಂಡಿ ತೋರಿಸಿದಳು. ಮೆಚ್ಚುಗೆಯ ಮಾತೇನೂ ಇರಲಿಲ್ಲ. ಎಲ್ಲ ಆದ ಮೇಲೆ, ಪೆಟ್ಟಿಗೆಯ ಮೇಲೆ ಮಂಡಿಯೂರಿ ಅದರ ಬಾಯಿ ಮುಚ್ಚುತ್ತ ಹೇಳಿದಳು: “ನಡುವೆ ಹೋಗೋ ಹಾಗಾದ್ರೆ ಕ್ರುಮ್‌ಗೆ ಹೇಳಿ ಹೋಗು. ನನಗೆ ಹೇಳಬೇಡ. ಅಲ್ಲಿ ಕೂತು ನಾನೇನು ಮಾಡಕ್ಕಾಗುತ್ತೆ.” ವೈವಾ ತಲೆಯಾಡಿಸಿದಳು. ಹೋಗಲ್ಲ ಎಂದು ಹೇಳಬಹುದಿತ್ತು, ಸುಲಭದ ಮಾತು. ಅದನ್ನು ಆಡದೆ ಉಳಿಸಿಕೊಂಡಳು. ಮೇಲೆ ಬಂದು ಸಾರಂಡದ ಕೋಣೆಯವನಿಗೆ ಬರುವುದಿಲ್ಲ ಎಂದು ಬರೆದಳು, ಕಾರಣ ಕೊಡಲಿಲ್ಲ, ಕ್ಷಮೆಯನ್ನೂ ಉದ್ದ ಮಾಡಲಿಲ್ಲ. ಅವನು ಮರುನಿಮಿಷಕ್ಕೇ ಸರಿ ಎಂದ, ಅಷ್ಟೇ. ಅವಳಿಗೆ ಸಂತೋಷವಾಗಲಿಲ್ಲ. ಇಷ್ಟು ವರ್ಷದ ಆಯಾಸ ಒಮ್ಮೆಗೇ ಇಳಿದು ಬಂದು ತೊಡೆಗಳ ಮೇಲೆ ಕೂತ ಹಾಗಾಯಿತು. ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚದೆ, ಬೂಟು ಕಳಚಿ ಮಲಗಿದಳು.

ಸ್ತೊಯ್ನಾ ಹೋದದ್ದು ಗುರುವಾರ, ಬೆಳಕು ಹರಿಯುವ ಮೊದಲು, ಚೌಕದಿಂದ ಹೊರಡುವ ಸಣ್ಣ ಬಸ್ಸಿನಲ್ಲಿ. ತಿಯಾಗೊ ಶನಿವಾರ ಹೋದ. ಭಾನುವಾರ ಅಲ್ಬೇನಿಯದ ಬಸ್ಸು ಬಂದು ನಿಂತು ಹೊರಟಿತು. ನಮ್ಮ ಬೀದಿಯಿಂದ ಯಾರೂ ಹೋಗಲಿಲ್ಲ.